ಒಂದು ಬೆಟಾಲಿಯನ್‌ಗೆ ಎಷ್ಟು ಬೊಂಬೆ, ಎಷ್ಟು ಬಣ್ಣ?

ಸೀಸದಸಿಪಾಯಿ:

1815ರ ವಾಟರ್‌ಲೂ ದಂಡಯಾತ್ರೆಯನ್ನು ಪುಟ್ಟ ಬೊಂಬೆ ಸೈನಿಕರೊಂದಿಗೆ ಮೇಜಿನ ಮೇಲೆ ಆಡಬೇಕೆಂಬ ಆಸೆಯಿಂದ ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳೆರಡನ್ನೂ ಕಟ್ಟಲು ಹೊರಟಿದ್ದೇನೆ. ಇದುವರೆಗೆ ನಾನು ಆಡಿರುವುದೆಲ್ಲ ಸಣ್ಣ ಕಾದಾಟದ ಆಟಗಳು. ಅವುಗಳಲ್ಲಿ ಒಂದು ಬೊಂಬೆ ಎಂದರೆ ಒಬ್ಬನೇ ಸೈನಿಕ, ಒಂದು ಮರ ಎಂದರೆ ಒಂದೇ ಮರ. ಬೆಟಾಲಿಯನ್‌ಗಳು, ಹಲವು ಬೆಟಾಲಿಯನ್‌ಗಳು ಕೂಡಿದ ಬ್ರಿಗೇಡ್‌ಗಳು ಸೆಣಸುವ ಆಟಕ್ಕೆ ಬಂದೊಡನೆ ಈ ಸರಳ ಲೆಕ್ಕ ಮುರಿದುಬೀಳುತ್ತದೆ. ಆರುನೂರು ಜನರಿಗೆ ಇಪ್ಪತ್ತನಾಲ್ಕು ಬೊಂಬೆಗಳು ಬೇಕು ಎಂದು ಒಂದು ನಿಯಮಾವಳಿ ಹೇಳಿದರೆ, ಹನ್ನೆರಡು ಸಾಕು ಎಂದು ಇನ್ನೊಂದು ಹೇಳುತ್ತದೆ. ಬೊಂಬೆಗಳನ್ನು ನಿಲ್ಲಿಸುವ ಅಡಿಹಲಗೆಯ, ಅಂದರೆ ಬೇಸ್‌ನ ಅಗಲ ಸರಿಯಿದ್ದರೆ ಬೊಂಬೆಗಳ ಸಂಖ್ಯೆ ನಿಮ್ಮಿಷ್ಟ ಎಂದು ಮೂರನೆಯದು ಆ ಗೊಡವೆಯನ್ನೇ ಬಿಟ್ಟುಬಿಡುತ್ತದೆ.

ನನ್ನ ಪ್ರಶ್ನೆ ಎರಡು. 28, 15, 6 ಮಿ.ಮೀ. ಎತ್ತರದ ಬೊಂಬೆಗಳಲ್ಲಿ ಇಂಥ ಕದನಕ್ಕೆ ಯಾವುದು ಹೊಂದುತ್ತದೆ? ಇನ್ನೊಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತಿದೆ: ಸಂಖ್ಯೆ, ದೂರ, ಕಾಲ ಈ ಮೂರರಲ್ಲೂ ಮೇಜು ನಿಜವನ್ನು ಹೇಳುವುದಿಲ್ಲವೆಂದ ಮೇಲೆ, ಸೈನಿಕನ ಕೊರಳಪಟ್ಟಿ ಹಳದಿಯೋ ತಿಳಿಹಳದಿಯೋ ಎಂದು ತಲೆಕೆಡಿಸಿಕೊಳ್ಳುವುದರಲ್ಲಿ ಅರ್ಥವಿದೆಯೇ?

ಅಳತೆಪಟ್ಟಿ:

ಮೊದಲ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡುತ್ತದೆ, ಮಾಡಿಯೇ ನೋಡೋಣ. ಬ್ರಿಟಿಷ್ ಕಾಲಾಳುಗಳು ಎರಡು ಸಾಲಾಗಿ ನಿಲ್ಲುತ್ತಿದ್ದರು. ಆರುನೂರು ಜನರ ಬೆಟಾಲಿಯನ್‌ನಲ್ಲಿ ಮುಂದಿನ ಸಾಲಿಗೆ ಮುನ್ನೂರು ಜನ. ಭುಜಕ್ಕೆ ಭುಜ ತಾಗುವಂತೆ ನಿಂತವನಿಗೆ ಅರ್ಧ ಮೀಟರಿಗಿಂತ ತುಸು ಹೆಚ್ಚು ಜಾಗ. ಅಂದರೆ ಸಾಲಿನ ಉದ್ದ ಸುಮಾರು 160 ಮೀಟರ್. 28 ಮಿ.ಮೀ. ಬೊಂಬೆ ಹೆಚ್ಚುಕಡಿಮೆ 1:60 ಪ್ರಮಾಣದ್ದು. ಬೊಂಬೆಯ ಪ್ರಮಾಣದಲ್ಲೇ ನೆಲವನ್ನೂ ಅಳೆದರೆ ಆ ಒಂದೇ ಬೆಟಾಲಿಯನ್ ಮೇಜಿನ ಮೇಲೆ ಸುಮಾರು 2.7 ಮೀಟರ್ ಉದ್ದ ಚಾಚಿಕೊಳ್ಳಬೇಕಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಆಡುವ ಮೇಜೇ 1.8 ಮೀಟರ್ ಉದ್ದ, 1.2 ಮೀಟರ್ ಅಗಲ.

ಆದ್ದರಿಂದ ನಾವು ಮಾಡುವುದೇನೆಂದರೆ, ಒಬ್ಬೊಬ್ಬನಿಗೆ 20 ಮಿ.ಮೀ. ಅಗಲ ಕೊಟ್ಟು ಹನ್ನೆರಡು ಬೊಂಬೆಗಳ ಎರಡು ಸಾಲು ನಿಲ್ಲಿಸುತ್ತೇವೆ. ಆಗ 240 ಮಿ.ಮೀ. ಎಂದರೆ 160 ಮೀಟರ್, ಅಂದರೆ ನೆಲದ ಪ್ರಮಾಣ ಸುಮಾರು 1:670. ಬೊಂಬೆಯ ಎತ್ತರ ತಾನು ನಿಂತ ನೆಲಕ್ಕಿಂತ ಹನ್ನೊಂದು ಪಟ್ಟು ದೊಡ್ಡದಾಯಿತು. ಅಗಲದಲ್ಲಿ ಇದು ತೊಂದರೆ ಕೊಡುವುದಿಲ್ಲ, ಏಕೆಂದರೆ ಅಗಲವನ್ನು ನಾವೇ ಹೊಂದಿಸಿಕೊಂಡಿದ್ದೇವೆ. ತೊಂದರೆ ಇರುವುದು ಆಳದಲ್ಲಿ. ಎರಡು ಸಾಲು ಬೊಂಬೆಗಳ ಬೇಸ್ 40 ಮಿ.ಮೀ. ಆಳವಿದ್ದರೆ ಅದು ನೆಲದ ಮೇಲೆ 27 ಮೀಟರ್ ಆಗುತ್ತದೆ. ನಿಜವಾದ ಎರಡು ಸಾಲುಗಳು ಮೂರು ಮೀಟರನ್ನೂ ತುಂಬುತ್ತಿರಲಿಲ್ಲ. ಒಂದರ ಹಿಂದೆ ಒಂದು ಬ್ರಿಗೇಡ್ ನಿಲ್ಲಿಸಿ ಮೀಸಲು ಪಡೆ ಇಟ್ಟುಕೊಳ್ಳುವ ಸೇನಾಪತಿಗೆ ಮೇಜಿನ ಮೇಲೆ ಜಾಗವೇ ಸಾಲದೆ ಹೋಗುವುದು ಇದರಿಂದ. ಕಟ್ಟಡಗಳ ಗತಿ ಇನ್ನೂ ಕೆಟ್ಟದ್ದು. ಹತ್ತು ಮೀಟರ್ ಅಗಲದ ಮನೆಯನ್ನು ಬೊಂಬೆಯ ಪ್ರಮಾಣದಲ್ಲಿ ಮಾಡಿಟ್ಟರೆ ಅದು ನೂರಹತ್ತು ಮೀಟರ್ ನೆಲವನ್ನು ಆಕ್ರಮಿಸಿಕೊಳ್ಳುತ್ತದೆ; ಹೀಗಾಗಿ ಒಂದು ಹಳ್ಳಿಗೆ ಎರಡೇ ಮನೆ ಇಟ್ಟು ಇದೇ ಹಳ್ಳಿ ಎಂದುಕೊಳ್ಳುತ್ತೇವೆ.

ಆ ಕಾಲದ ಕಾಲಾಳಿನ ಬಂದೂಕಾದ ಮಸ್ಕೆಟ್‌ನಿಂದ ಗುರಿ ತಾಗುವ ಭರವಸೆ ನೂರು ಮೀಟರಿನ ಒಳಗೆ ಮಾತ್ರ. ಮೇಜಿನಲ್ಲಿ ಅದು ಕೇವಲ 150 ಮಿ.ಮೀ. ಎಂಟುನೂರು ಮೀಟರ್ ದೂರಕ್ಕೆ ಹಾರಿಸಿದ ಫಿರಂಗಿಯ ಗುಂಡು ಮಾತ್ರ ಮೇಜಿನ ಪೂರ್ತಿ ಅಗಲವನ್ನು ದಾಟುತ್ತದೆ. ಇನ್ನು ವಾಟರ್‌ಲೂ ರಣಾಂಗಣದ ಮುಂಚೂಣಿ ನಾಲ್ಕು ಕಿ.ಮೀ.ನಷ್ಟು ಉದ್ದವಿತ್ತು, ಈ ಪ್ರಮಾಣದಲ್ಲಿ ಆರು ಮೀಟರ್ ಮೇಜು ಬೇಕು. ಇಡೀ ಕದನವನ್ನೇ ಆಡುವ ಮನಸ್ಸಿದ್ದರೆ 6 ಮಿ.ಮೀ. ಬೊಂಬೆ ಕೊಳ್ಳಿ. ಅದು ಸುಮಾರು 1:300. ನೆಲದ ಪ್ರಮಾಣ ಮೊದಲಿನಷ್ಟೇ ಇದ್ದರೂ ವ್ಯತ್ಯಾಸ ಎರಡು ಪಟ್ಟಿಗೆ ಇಳಿಯುತ್ತದೆ, ಸಾಲು ಸಾಲಿನಂತೆಯೇ ತೆಳ್ಳಗೆ ಕಾಣುತ್ತದೆ. ಒಂದೇ ಬ್ರಿಗೇಡಿನ ಕತೆ ಸಾಕು ಎನ್ನುವುದಾದರೆ 28 ಮಿ.ಮೀ. ಧಾರಾಳವಾಗಿ ಆಗುತ್ತದೆ.

ಮೂರಡಿದೂರ:

ಅಳತೆಪಟ್ಟಿಯವರ ಲೆಕ್ಕವನ್ನು ಒಪ್ಪಿಕೊಂಡೇ ಬಣ್ಣದ ಕಡೆಯಿಂದ ಒಂದು ಮಾತು ಹೇಳುತ್ತೇನೆ. ಬೊಂಬೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುವವನು ಬಣ್ಣ ಹಚ್ಚಿದವನೊಬ್ಬನೇ. ಆಡುವವರು ನೋಡುವುದು ನಿಂತ ನಿಲುವಿನಿಂದ, ಮೂರಡಿ ದೂರದಿಂದ, ಅದೂ ಒಂದು ಬೊಂಬೆಯನ್ನಲ್ಲ, ಇಪ್ಪತ್ತನಾಲ್ಕರ ಗುಂಪನ್ನು. ಅಷ್ಟು ದೂರದಿಂದ ಕಣ್ಣಿಗೆ ಬೀಳುವುದು ಮುಖ, ಬಾವುಟ, ಎದೆಯ ಮೇಲಿನ ಅಡ್ಡಪಟ್ಟಿಗಳು ಮತ್ತು ಬೇಸ್. ಶ್ರಮವನ್ನು ಅಲ್ಲಿ ಹಾಕಬೇಕು. ಬೆನ್ನುಚೀಲದ ಬಕಲ್‌ಗೆ ಮೂರು ಛಾಯೆ ಕೊಡುವವರನ್ನು ನಾನು ಗೌರವಿಸುತ್ತೇನೆ, ಆದರೆ ಅವರ ಸೇನೆ ಮುಗಿದದ್ದನ್ನು ಕಂಡಿಲ್ಲ.

ನನ್ನ ಕ್ರಮ ಹೀಗಿದೆ. ಬೊಂಬೆಗಳನ್ನು ಮೊದಲು ಸೋಪಿನ ನೀರಿನಲ್ಲಿ ತೊಳೆಯಬೇಕು. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಸವರಿದ ಜಿಡ್ಡು ಉಳಿದಿದ್ದರೆ ಮೊದಲು ಬಳಿಯುವ ಅಡಿಬಣ್ಣ, ಅಂದರೆ ಪ್ರೈಮರ್ ಹಿಡಿಯುವುದಿಲ್ಲ. ಪ್ರೈಮರ್ ಕಪ್ಪು ಅಥವಾ ಗಾಢ ಕಂದು. ಕೋಟಿಗೂ ಅಡ್ಡಪಟ್ಟಿಗೂ ನಡುವೆ ಕೂದಲೆಳೆಯಷ್ಟು ಕಪ್ಪನ್ನು ಹಾಗೇ ಬಿಟ್ಟರೆ, ದೂರದಿಂದ ಎರಡೂ ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ಬಳಿಯುವುದು ಒಳಗಿನಿಂದ ಹೊರಕ್ಕೆ: ಮೊದಲು ಚರ್ಮ, ಆಮೇಲೆ ಕೋಟು, ಷರಾಯಿ, ಪಟ್ಟಿಗಳು, ಚೀಲ, ಕೊನೆಗೆ ಬಂದೂಕು. ಹೀಗೆ ಮಾಡಿದರೆ ಕೈ ಜಾರಿ ತಾಗಿದ ಬಣ್ಣವನ್ನು ಮುಂದಿನ ಬಣ್ಣವೇ ಮುಚ್ಚುತ್ತದೆ. ಕೆಂಪು ಮತ್ತು ಹಳದಿ ಕಪ್ಪಿನ ಮೇಲೆ ನಿಲ್ಲುವುದಿಲ್ಲ. ಕೆಂಪಿನ ಕೆಳಗೆ ಕಂದುಗೆಂಪು, ಹಳದಿಯ ಕೆಳಗೆ ತಿಳಿಗಂದು ಬೇಕು. ಬಿಳಿ ಪಟ್ಟಿಗೆ ಮೊದಲು ತಿಳಿಬೂದು ಬಳಿದು, ಉಬ್ಬಿದ ಭಾಗಕ್ಕೆ ಮಾತ್ರ ಬಿಳಿ ಕೊಟ್ಟರೆ ಸಾಕು.

ಒಂದೊಂದೇ ಬೊಂಬೆಯನ್ನು ಮುಗಿಸುತ್ತ ಹೋಗಬೇಡಿ. ಒಂದು ಬಣ್ಣವನ್ನು ಇಡೀ ಬೆಟಾಲಿಯನ್‌ಗೆ ಹಚ್ಚಿ, ಅದು ಒಣಗಿದ ಮೇಲೆ ಮುಂದಿನದಕ್ಕೆ ಹೋಗಿ; ಆಗ ಕೈಗೆ ಒಂದು ಲಯ ಬರುತ್ತದೆ, ಛಾಯೆಯೂ ಎಲ್ಲರಲ್ಲೂ ಒಂದೇ ಆಗಿರುತ್ತದೆ. ಕುಂಚದ ವಿಷಯದಲ್ಲಿ ಹೊಸಬರು ಸೊನ್ನೆಯ ಮೇಲೆ ಸೊನ್ನೆಯಿರುವ ಅತಿ ಸಣ್ಣ ಕುಂಚವನ್ನು ಹುಡುಕುತ್ತಾರೆ. ಅದು ಹಿಡಿದುಕೊಳ್ಳುವ ಬಣ್ಣ ಎಷ್ಟು ಕಡಿಮೆಯೆಂದರೆ, ಬೊಂಬೆಯನ್ನು ಮುಟ್ಟುವ ಮೊದಲೇ ತುದಿಯಲ್ಲಿ ಒಣಗಿರುತ್ತದೆ. ತುದಿ ಚೂಪಾಗಿ ಕೂಡುವ 1 ಅಥವಾ 2ನೇ ಸಂಖ್ಯೆಯ ಕುಂಚದಲ್ಲಿ ಕಣ್ಣನ್ನೂ ಬರೆಯಬಹುದು. ಅಕ್ರಿಲಿಕ್ ಬಣ್ಣವನ್ನು ನೀರಿನಲ್ಲಿ ತೆಳುಮಾಡಿ ಎರಡು ಸಲ ಬಳಿಯಿರಿ. ದಪ್ಪಗೆ ಒಂದೇ ಸಲ ಬಳಿದರೆ ಶಿಲ್ಪಿ ಕೆತ್ತಿದ್ದೆಲ್ಲ ಮುಚ್ಚಿಹೋಗುತ್ತದೆ. ಕೊನೆಯಲ್ಲಿ ಕಂದು ವಾಶ್ (ನೀರಿನಂತೆ ತೆಳುವಾದ ಬಣ್ಣ) ಹರಿಸಿದರೆ ಅದು ಮಡಿಕೆಗಳಲ್ಲಿ ಇಳಿದು ನೆರಳಾಗುತ್ತದೆ. 2019ರಲ್ಲಿ ಗೇಮ್ಸ್ ವರ್ಕ್‌ಶಾಪ್ ಕಂಪನಿ ತಂದ ಕಾಂಟ್ರಾಸ್ಟ್ ಬಣ್ಣಗಳು ಬಣ್ಣವನ್ನೂ ನೆರಳನ್ನೂ ಒಂದೇ ಬಳಿತದಲ್ಲಿ ಕೊಡುತ್ತವೆ. ಆದರೆ ಅವಕ್ಕೆ ತಿಳಿ ಬಣ್ಣದ ಪ್ರೈಮರ್ ಬೇಕು, ನಾನು ಮೇಲೆ ಹೇಳಿದ ಕಪ್ಪು ನಡೆಯದು.

ಬೊಂಬೆ ಚಿಕ್ಕದಾದಷ್ಟೂ ಬಣ್ಣ ತಿಳಿಯಾಗಬೇಕು ಎಂಬುದನ್ನು ಮರೆಯಬೇಡಿ. ನಿಜವಾದ ಕಡುನೀಲಿ ಬಟ್ಟೆಯ ಬಣ್ಣವನ್ನೇ 6 ಮಿ.ಮೀ. ಫ್ರೆಂಚನಿಗೆ ಹಚ್ಚಿದರೆ ಅವನು ಕಪ್ಪು ಚುಕ್ಕೆಯಾಗಿ ಕಾಣುತ್ತಾನೆ. ಇಲ್ಲಿ ನಿಖರತೆಯೇ ಕಣ್ಣಿಗೆ ಮೋಸ ಮಾಡುತ್ತದೆ.

ಕೋಟಿನಗುಂಡಿ:

ಛಾಯೆಯ ಬಗ್ಗೆ ತಾವು ಹೇಳಿದ್ದು ಸರಿ. ಆದರೆ ಅದರಿಂದ ಸಮವಸ್ತ್ರದ ವಿವರ ಬೇಕಿಲ್ಲ ಎಂಬ ತೀರ್ಮಾನಕ್ಕೆ ಯಾರಾದರೂ ಬಂದರೆ ನನ್ನ ತಕರಾರಿದೆ. ಮೂಲ ಪ್ರಶ್ನೆ ಕೇಳಿದವರು ಹಳದಿ, ತಿಳಿಹಳದಿ ಎಂದಿದ್ದರಿಂದ ಬ್ರಿಟಿಷ್ ಸೇನಾನಿ ಹಾಲ್ಕೆಟ್‌ನ ಬ್ರಿಗೇಡನ್ನೇ ತೆಗೆದುಕೊಳ್ಳೋಣ. ಅದರಲ್ಲಿ 30, 33, 69 ಮತ್ತು 73ನೇ ರೆಜಿಮೆಂಟ್‌ಗಳ ನಾಲ್ಕು ಬೆಟಾಲಿಯನ್‌ಗಳಿದ್ದವು. ಎಲ್ಲರ ಕೋಟೂ ಕೆಂಪು. ಕೊರಳಪಟ್ಟಿ ಮತ್ತು ತೋಳಿನ ಅಂಚು ಮಾತ್ರ 30ನೆಯದಕ್ಕೆ ತಿಳಿಹಳದಿ, 33ಕ್ಕೆ ಕೆಂಪು, 69ಕ್ಕೆ ತಿಳಿಹಸಿರು, 73ಕ್ಕೆ ಕಡುಹಸಿರು. ಜೂನ್ 16ರಂದು, ವಾಟರ್‌ಲೂಗೆ ಎರಡು ದಿನ ಮೊದಲು ನಡೆದ ಕಾತ್ರ್ ಬ್ರಾ ಕದನದಲ್ಲಿ ಈ ಬ್ರಿಗೇಡ್ ಫ್ರೆಂಚ್ ಕವಚಧಾರಿ ಅಶ್ವದಳದ ಕೈಗೆ ಸಿಕ್ಕು ಬಹಳ ನಷ್ಟ ಅನುಭವಿಸಿತು; 69ನೆಯದು ತನ್ನ ರಾಜಧ್ವಜವನ್ನೇ ಕಳೆದುಕೊಂಡಿತು. ಎರಡು ದಿನಗಳ ನಂತರ ವಾಟರ್‌ಲೂನಲ್ಲಿ ಈ ಬೆಟಾಲಿಯನ್‌ಗಳು ಒಂಟಿಯಾಗಿ ಚೌಕವ್ಯೂಹ ಕಟ್ಟುವಷ್ಟು ಜನಬಲವಿಲ್ಲದೆ ಎರಡೆರಡು ಸೇರಿ ನಿಂತವು: 30 ಮತ್ತು 73 ಒಂದು ವ್ಯೂಹ, 33 ಮತ್ತು 69 ಇನ್ನೊಂದು.

ಈಗ ಮೇಜನ್ನು ನೋಡಿ. ಒಂದೇ ಚೌಕದಲ್ಲಿ ತಿಳಿಹಳದಿ ಮತ್ತು ಕಡುಹಸಿರು ಅಂಚಿನವರು ಬೆರೆತು ನಿಂತಿದ್ದರೆ, 69ನೆಯದರ ಬಳಿ ಎರಡರ ಬದಲು ಒಂದೇ ಬಾವುಟವಿದ್ದರೆ, ಎರಡು ದಿನಗಳ ಹಿಂದೆ ಏನಾಯಿತೆಂಬುದನ್ನು ಬಲ್ಲವರು ನಿಯಮಪುಸ್ತಕ ತೆರೆಯದೆಯೇ ಓದಿಕೊಳ್ಳುತ್ತಾರೆ. ಅಳತೆಪಟ್ಟಿಯವರು ತೋರಿಸಿದಂತೆ ದೂರ ಮತ್ತು ಆಳದ ವಿಷಯದಲ್ಲಿ ಮೇಜು ಸುಳ್ಳು ಹೇಳಲೇಬೇಕು, ಬೇರೆ ದಾರಿಯೇ ಇಲ್ಲ. ಬಣ್ಣದ ವಿಷಯದಲ್ಲಿ ಆ ಬಲವಂತವಿಲ್ಲ. ಹಸಿರು ಬಳಿಯಲು ಹಳದಿಗಿಂತ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಖರ್ಚಿಲ್ಲದೆ ಸಿಗುವ ನಿಜವನ್ನು ಏಕೆ ಬಿಡಬೇಕು?

ಹಾಗೆಂದು ಆಜ್ಞಾಪತ್ರಗಳಲ್ಲಿ ಬರೆದ ಸಮವಸ್ತ್ರವೇ ರಣಾಂಗಣದ ಸಮವಸ್ತ್ರ ಎಂದುಕೊಳ್ಳಬಾರದು. ಜೂನ್ 17ರಂದು ಧಾರಾಕಾರ ಮಳೆ ಸುರಿಯಿತು. ಸೈನಿಕರು ಬಯಲಿನಲ್ಲೇ ರಾತ್ರಿ ಕಳೆದರು. ಶಾಕೋ ಟೋಪಿಗಳ ಮೇಲೆ ಎಣ್ಣೆಬಟ್ಟೆಯ ಹೊದಿಕೆ, ಷರಾಯಿಗೆ ಮೊಣಕಾಲಿನವರೆಗೆ ಕೆಸರು. ಫ್ರೆಂಚರಲ್ಲಿ ಬಹಳ ಮಂದಿ ನೀಲಿ ಕೋಟನ್ನು ಮುಚ್ಚುವ ಉದ್ದನೆಯ ನಿಲುವಂಗಿಯಲ್ಲಿದ್ದರು. ಆ ನಿಲುವಂಗಿಗಳೂ ಬೂದು, ಕಂದು, ಮಾಸಲು ಹೀಗೆ ನಾನಾ ಬಣ್ಣದವು. ಬ್ರಿಟಿಷರ ಮಿತ್ರರಾದ ಪ್ರಷ್ಯನ್ನರ ಕಡೆ, ಹಿಂದೆ ಬರ್ಗ್ ಸಂಸ್ಥಾನದ ಸೇವೆಯಲ್ಲಿದ್ದ ರೆಜಿಮೆಂಟ್‌ನವರು ತಮ್ಮ ಹಳೆಯ ಬಿಳಿ ಕೋಟುಗಳಲ್ಲೇ ಬಂದಿದ್ದರು. ಬ್ರಿಟಿಷರ ಕೆಂಪೂ ಎಲ್ಲರಿಗೂ ಒಂದೇ ಆಗಿರಲಿಲ್ಲ: ಸಾಮಾನ್ಯ ಸೈನಿಕನ ಕೋಟಿಗೆ ಮಂಜಿಷ್ಠದ ಬೇರಿನಿಂದ ತೆಗೆದ ಇಟ್ಟಿಗೆಗೆಂಪು, ಅಧಿಕಾರಿಯ ಕೋಟಿಗೆ ಕೊಚಿನೀಲ್ ಕೀಟದಿಂದ ತೆಗೆದ ಹೊಳೆಯುವ ಕಡುಗೆಂಪು. ಸಾಲಿನ ನಡುವೆ ಅಧಿಕಾರಿಯೊಬ್ಬನನ್ನು ಬೇರೆ ಕೆಂಪಿನಲ್ಲಿ ನಿಲ್ಲಿಸಿ ನೋಡಿ, ಮೂರಡಿ ದೂರದಿಂದಲೂ ಅದು ಗೊತ್ತಾಗುತ್ತದೆ.

ಸೀಸದಸಿಪಾಯಿ:

ಮೂವರಿಗೂ ಧನ್ಯವಾದಗಳು. ಹಾಲ್ಕೆಟ್‌ನ ಬ್ರಿಗೇಡ್ ನನ್ನ ಮನಸ್ಸಿಗೆ ಹಿಡಿಸಿತು. ಆದರೆ ಒಂದು ಸಂದೇಹ ಉಳಿಯುತ್ತದೆ. ಇಷ್ಟು ಜೋಪಾನವಾಗಿ ತಯಾರಿಸಿದ ಬೆಟಾಲಿಯನ್ ಒಂದು ಕೆಟ್ಟ ದಾಳ ಬಿದ್ದ ಮಾತ್ರಕ್ಕೆ ಓಡಿಹೋಗುವುದಾದರೆ, ಬಣ್ಣದಲ್ಲಿ ಕಾಪಾಡಿಕೊಂಡ ಇತಿಹಾಸವನ್ನು ದಾಳದಲ್ಲಿ ಕಳೆದುಕೊಂಡಂತಾಗುವುದಿಲ್ಲವೇ?

ದಾಳಲೆಕ್ಕ:

ದಾಳ ಒಂದೇ ಆದರೂ ಅದನ್ನು ಉಪಯೋಗಿಸುವ ರೀತಿ ಹಲವು. ಹನ್ನೆರಡು ದಾಳ ಎಸೆದು 4 ಅಥವಾ ಹೆಚ್ಚು ಬಿದ್ದವನ್ನು ಪೆಟ್ಟೆಂದು ಎಣಿಸಿದರೆ ಸರಾಸರಿ ಆರು ಪೆಟ್ಟು. ಎರಡಕ್ಕಿಂತ ಕಡಿಮೆ ಅಥವಾ ಹತ್ತಕ್ಕಿಂತ ಹೆಚ್ಚು ಬೀಳುವುದು ಬಲು ಅಪರೂಪ. ಅಂದರೆ ದಾಳಗಳು ಹೆಚ್ಚಾದಷ್ಟೂ ಅದೃಷ್ಟದ ಪಾತ್ರ ಕುಗ್ಗುತ್ತದೆ. ಇದಕ್ಕೆ ವಿರುದ್ಧ ತುದಿಯಲ್ಲಿರುವುದು 1990ರಲ್ಲಿ ಪ್ರಕಟವಾದ ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್. ಪ್ರಾಚೀನ ಮತ್ತು ಮಧ್ಯಯುಗದ ಸೇನೆಗಳ ಆ ನಿಯಮಾವಳಿಯಲ್ಲಿ ಪ್ರತಿ ಪಕ್ಷಕ್ಕೂ ಹನ್ನೆರಡೇ ತುಕಡಿಗಳು. ಎರಡು ತುಕಡಿ ಎದುರಾದರೆ ಇಬ್ಬರೂ ಒಂದೊಂದು ದಾಳ ಎಸೆದು ತಮ್ಮ ತುಕಡಿಯ ಬಲದ ಅಂಕವನ್ನು ಕೂಡುತ್ತಾರೆ. ಒಬ್ಬನದು 4, ಇನ್ನೊಬ್ಬನದು 3 ಎಂದಿಟ್ಟುಕೊಳ್ಳಿ: 36 ಸಾಧ್ಯತೆಗಳಲ್ಲಿ 21ರಲ್ಲಿ ಬಲಶಾಲಿಗೆ ಮೇಲುಗೈ, 5ರಲ್ಲಿ ಸಮ, 10ರಲ್ಲಿ ದುರ್ಬಲನಿಗೇ ಮೇಲುಗೈ. ಎದುರಾಳಿಯ ಮೊತ್ತದ ಎರಡು ಪಟ್ಟು ಬಂದರೆ ಸೋತ ತುಕಡಿ ಸಾಮಾನ್ಯವಾಗಿ ನಾಶ, ಅದಕ್ಕಿಂತ ಕಡಿಮೆಯಾದರೆ ಹಿಂಜರಿತ.

ಇದಕ್ಕಿಂತ ಜಾಣತನವಿರುವುದು ಅದರ ಇನ್ನೊಂದು ದಾಳದಲ್ಲಿ. ಸರದಿಯ ಆರಂಭದಲ್ಲಿ ಎಸೆದ ಒಂದು ದಾಳದಲ್ಲಿ ಬಿದ್ದಷ್ಟೇ ಆಜ್ಞೆಗಳು ಆ ಸರದಿಗೆ. 1 ಬಿದ್ದರೆ ಒಂದೇ ಗುಂಪು ಕದಲುತ್ತದೆ, ಉಳಿದವರು ನಿಂತಲ್ಲೇ. ಸೇನೆ ಸಾಲುಬಿಡದೆ ಒಟ್ಟಾಗಿದ್ದರೆ ಒಂದೇ ಆಜ್ಞೆ ಸಾಕು. ಚದುರಿದ ಮೇಲೆ ಆರೂ ಸಾಲದು. ಸೇನಾಪತಿಯ ಆಜ್ಞೆ ರಣಾಂಗಣದ ಗದ್ದಲದಲ್ಲಿ ತಲುಪದೆ ಹೋಗುವುದನ್ನು ಇಷ್ಟು ಚಿಕ್ಕದಾಗಿ ಹೇಳಿದ ನಿಯಮ ಇನ್ನೊಂದನ್ನು ನಾನು ಕಂಡಿಲ್ಲ. ತಮ್ಮ ಬೆಟಾಲಿಯನ್ ದಾಳದಿಂದ ಓಡಿಹೋದರೆ ಬೇಸರಪಡಬೇಡಿ. ಕಾತ್ರ್ ಬ್ರಾದಲ್ಲಿ 33ನೆಯದು ನಿಜವಾಗಿಯೂ ಚದುರಿ ಕಾಡಿನೊಳಗೆ ಹೋಗಿತ್ತು. ಅಂಥ ಸಾಧ್ಯತೆಯೇ ಇಲ್ಲದ ನಿಯಮಾವಳಿಯನ್ನು ನಂಬಬಾರದು.

ತೀರ್ಪುಗಾರ:

ಬೊಂಬೆಯ ಗಾತ್ರ, ಬಣ್ಣ, ದಾಳ ಎಲ್ಲದರ ಚರ್ಚೆಯಾಯಿತು. ಮೇಜು ಹೇಳುವ ಅತಿ ದೊಡ್ಡ ಸುಳ್ಳಿನ ಬಗ್ಗೆ ಯಾರೂ ಮಾತಾಡಲಿಲ್ಲ. ಅದೆಂದರೆ, ಆಟಗಾರನಿಗೆ ಎಲ್ಲವೂ ಕಾಣುತ್ತದೆ. ದಿಣ್ಣೆಯ ಹಿಂದಿನ ಮೀಸಲು ಪಡೆ, ಎದುರಾಳಿಯ ಫಿರಂಗಿಗಳ ಸಂಖ್ಯೆ, ಎಲ್ಲವೂ. ದಿಣ್ಣೆಯ ಹಿಂದಿಳಿಜಾರಿನಲ್ಲಿ ಸೈನಿಕರನ್ನು ಮರೆಮಾಡುವುದು ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್‌ನ ಮುಖ್ಯ ಉಪಾಯವಾಗಿತ್ತು. ನಮ್ಮ ಮೇಜಿನಲ್ಲಿ ಅದಕ್ಕೆ ಬೆಲೆಯೇ ಇಲ್ಲ.

ಇದಕ್ಕೆ ಪರಿಹಾರ ಎರಡು ಶತಮಾನದಷ್ಟು ಹಳೆಯದು. ಪ್ರಷ್ಯಾದ ರೈಸ್‌ವಿಟ್ಜ್ ಎಂಬವನು 1812ರಲ್ಲಿ ತನ್ನ ಯುದ್ಧದಾಟವನ್ನು ರಾಜನಿಗೆ ತೋರಿಸಿದ್ದ. ಅದನ್ನು ಸೇನಾಧಿಕಾರಿಯಾಗಿದ್ದ ಅವನ ಮಗ ಬೆಳೆಸಿ 1824ರಲ್ಲಿ ಕ್ರೀಗ್ಸ್‌ಶ್ಪೀಲ್ ಎಂಬ ಹೆಸರಿನಲ್ಲಿ ನಿಯಮಾವಳಿ ಪ್ರಕಟಿಸಿದ. 1:8000 ಪ್ರಮಾಣದ ನಕ್ಷೆ, ಕೆಂಪು ಮತ್ತು ನೀಲಿ ಬಣ್ಣದ ಪುಟ್ಟ ಲೋಹದ ತುಂಡುಗಳು, ಎರಡು ನಿಮಿಷಕ್ಕೆ ಒಂದು ಸರದಿ. ಎರಡೂ ಪಕ್ಷದವರು ತಮ್ಮ ಆಜ್ಞೆಗಳನ್ನು ತೀರ್ಪುಗಾರನಿಗೆ ಕೊಡಬೇಕು. ಆ ಜಾಗದಿಂದ ಯಾರಿಗೆ ಏನು ಕಾಣಬಹುದೋ ಅಷ್ಟನ್ನೇ ಅವನು ನಕ್ಷೆಯ ಮೇಲೆ ಇಡುತ್ತಾನೆ. 1876ರಲ್ಲಿ ಪ್ರಷ್ಯನ್ ಸೇನಾಧಿಕಾರಿ ವೆರ್ಡಿ ದ್ಯು ವೆರ್ನ್ವಾ ಇನ್ನೂ ಮುಂದೆ ಹೋಗಿ, ದಾಳ ಮತ್ತು ಕೋಷ್ಟಕಗಳ ಕೆಲಸವನ್ನೂ ಅನುಭವಿ ತೀರ್ಪುಗಾರನ ವಿವೇಚನೆಗೇ ಬಿಟ್ಟ. ಬೊಂಬೆ ಇಲ್ಲ, ಬಣ್ಣ ಇಲ್ಲ. ಆದರೂ ಸೇನಾಪತಿಯ ಕಷ್ಟ ಅಲ್ಲಿ ಹೆಚ್ಚು ನಿಜವಾಗಿತ್ತು.

ಮೂರಡಿದೂರ:

ತಮ್ಮ ವಾದ ಗಟ್ಟಿಯಾಗಿದೆ, ಆದರೆ ಬೊಂಬೆ ಇಲ್ಲದ ಆಟಕ್ಕೆ ನಾನು ಬರುವುದಿಲ್ಲ. ಈ ಹವ್ಯಾಸದ ಮುಕ್ಕಾಲು ಪಾಲು ಹೊತ್ತು ಕುಂಚ ಹಿಡಿದೇ ಕಳೆಯುತ್ತದೆ, ಆ ಹೊತ್ತಿನ ಸುಖ ನಕ್ಷೆಯಲ್ಲಿಲ್ಲ. ಮೂರನೆಯವರೊಬ್ಬರು ತೀರ್ಪುಗಾರರಾಗಿ ಸಿಕ್ಕರೆ, ಕಣ್ಣಿಗೆ ಬೀಳದ ಪಡೆಗಳ ಜಾಗದಲ್ಲಿ ಖಾಲಿ ಬೇಸ್‌ಗಳನ್ನು ಇಟ್ಟು, ಕೆಲವನ್ನು ಬರಿದೇ ಮೋಸಕ್ಕೆಂದು ಸೇರಿಸಿ ಆಡಬಹುದು. ಹಿಂದಿಳಿಜಾರಿಗೆ ಆಗ ಬೆಲೆ ಬರುತ್ತದೆ.

ಕೋಟಿನಗುಂಡಿ:

ತೀರ್ಪುಗಾರರು ಸುಳ್ಳಿನ ಮಾತೆತ್ತಿದ್ದರಿಂದ ಸೈಬರ್ನ್‌ನ ಮಾದರಿಯ ನೆನಪಾಯಿತು. ಆಟಕ್ಕೆ ಸೇರಿದ್ದಲ್ಲದಿದ್ದರೂ ಈ ಚರ್ಚೆಗೆ ಸೇರಬೇಕಾದದ್ದು. ಬ್ರಿಟಿಷ್ ಅಧಿಕಾರಿ ವಿಲಿಯಂ ಸೈಬರ್ನ್ ವಾಟರ್‌ಲೂ ನೆಲವನ್ನು ತಿಂಗಳುಗಟ್ಟಲೆ ಅಳೆದು, ಕದನದಲ್ಲಿದ್ದ ಅಧಿಕಾರಿಗಳಿಗೆ ಪತ್ರ ಬರೆದು ಅವರು ಎಲ್ಲೆಲ್ಲಿ ನಿಂತಿದ್ದರೆಂದು ಕೇಳಿ, ಸಂಜೆ ಏಳರ ಹೊತ್ತಿನ ರಣಾಂಗಣದ ಬೃಹತ್ ಮಾದರಿಯೊಂದನ್ನು ಮಾಡಿ 1838ರಲ್ಲಿ ಪ್ರದರ್ಶನಕ್ಕಿಟ್ಟ. ಒಂದು ಮೈಲಿಗೆ ಒಂಬತ್ತು ಅಡಿ, ಅಂದರೆ ಸುಮಾರು 1:587. ಆ ಪ್ರಮಾಣದಲ್ಲಿ ಮನುಷ್ಯ ಮೂರು ಮಿ.ಮೀ. ಇರಬೇಕಿತ್ತು, ಅವನು ನಿಲ್ಲಿಸಿದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಬೊಂಬೆಗಳು ಹತ್ತು ಮಿ.ಮೀ.ನಷ್ಟು ಎತ್ತರದವು. ಅಳತೆಪಟ್ಟಿಯವರ ಲೆಕ್ಕ ಅವನನ್ನೂ ಬಿಟ್ಟಿರಲಿಲ್ಲ. ಆದರೆ ಅವನಿಗೆ ವಿರೋಧ ಬಂದದ್ದು ಆ ಕಾರಣಕ್ಕಲ್ಲ. ಆ ಹೊತ್ತಿಗೆ ಪ್ರಷ್ಯನ್ನರು ಎಷ್ಟು ಮುಂದೆ ಬಂದಿದ್ದರು ಎಂಬ ವಿಷಯದಲ್ಲಿ ಮಾದರಿ ತೋರಿಸಿದ್ದು ವೆಲಿಂಗ್ಟನ್‌ಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಪ್ರಷ್ಯನ್ ಬೊಂಬೆಗಳಲ್ಲಿ ಬಹಳಷ್ಟನ್ನು ತೆಗೆದುಹಾಕಲಾಯಿತು. ಮಾದರಿ ಈಗ ಲಂಡನ್‌ನ ರಾಷ್ಟ್ರೀಯ ಸೇನಾ ಸಂಗ್ರಹಾಲಯದಲ್ಲಿದೆ. ಬೊಂಬೆಯ ಗಾತ್ರದ ಸುಳ್ಳನ್ನು ಎಲ್ಲರೂ ಕ್ಷಮಿಸುತ್ತಾರೆ, ಬೊಂಬೆ ಎಲ್ಲಿ ನಿಂತಿದೆ ಎಂಬುದರಲ್ಲಿ ಮಾತ್ರ ಜಗಳ.

ಸೀಸದಸಿಪಾಯಿ:

ನನ್ನ ತೀರ್ಮಾನ ಆಯಿತು. ಇಡೀ ಕದನದ ಆಸೆ ಬಿಟ್ಟು ಹಾಲ್ಕೆಟ್‌ನ ಬ್ರಿಗೇಡ್ ಒಂದನ್ನೇ 28 ಮಿ.ಮೀ. ಲೋಹದ ಬೊಂಬೆಗಳಲ್ಲಿ ಕಟ್ಟುತ್ತೇನೆ. ಬೇಸ್‌ನ ಆಳವನ್ನು 40ರಿಂದ 30 ಮಿ.ಮೀ.ಗೆ ಇಳಿಸಿ ಬೊಂಬೆಗಳನ್ನು ಒತ್ತಾಗಿ ನಿಲ್ಲಿಸುವೆ. 69ನೆಯದಕ್ಕೆ ಎರಡು ಬಾವುಟ ಮಾಡಿಟ್ಟು, ವಾಟರ್‌ಲೂ ಆಡುವ ದಿನ ಒಂದನ್ನು ತೆಗೆದಿಡಬಹುದೆಂದು ತೋರುತ್ತದೆ. ಉಳಿದದ್ದು ವಾರ್ನಿಶ್ ಮತ್ತು ಬೊಂಬೆಗಳನ್ನು ಇಡುವ ವಿಧಾನ, ಅನುಭವವಿರುವವರು ತಿಳಿಸಬೇಕು.

ಮೂರಡಿದೂರ:

ಲೋಹದ ಬೊಂಬೆಯಲ್ಲಿ ಮೊದಲು ಬಣ್ಣ ಏಳುವುದು ಬಯೊನೆಟ್ ತುದಿ ಮತ್ತು ಶಾಕೋ ಅಂಚಿನಲ್ಲಿ. ಹೊಳಪಿನ ವಾರ್ನಿಶ್ ಗಟ್ಟಿ, ಮ್ಯಾಟ್ ವಾರ್ನಿಶ್ ನೋಟಕ್ಕೆ ಚೆನ್ನ. ಆದ್ದರಿಂದ ಮೊದಲು ಹೊಳಪಿನದನ್ನು ಬಳಿದು, ಅದು ಪೂರ್ತಿ ಒಣಗಿದ ಮೇಲೆ ಮ್ಯಾಟ್ ಬಳಿಯಿರಿ. ಮ್ಯಾಟ್ ಸ್ಪ್ರೇಯನ್ನು ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಬಳಸಿದರೆ ಬೊಂಬೆಯ ಮೇಲೆ ಬಿಳಿಯ ಪೊರೆ ಕೂರುತ್ತದೆ. ಬೇಸ್‌ನ ಅಡಿಗೆ ಅಯಸ್ಕಾಂತದ ಹಾಳೆ ಅಂಟಿಸಿ ತಗಡಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದರೆ ಸಾಗಿಸುವಾಗ ಒಂದಕ್ಕೊಂದು ತಾಗುವುದಿಲ್ಲ.

ಅಳತೆಪಟ್ಟಿ:

ಇದಕ್ಕೆ ಎರಡು ಮಾತು ಸೇರಿಸುತ್ತೇನೆ. ಕೊಳ್ಳುವ ಬೊಂಬೆಗಳು ಹಳೆಯವಾಗಿದ್ದರೆ ಅವುಗಳಲ್ಲಿ ಸೀಸ ಇರಬಹುದು. ಅರ ಹಾಕುವಾಗ ಪುಡಿ ಹಾರದಂತೆ ನೋಡಿಕೊಂಡು, ಕೆಲಸ ಮುಗಿದೊಡನೆ ಕೈ ತೊಳೆಯಬೇಕು. ಅಂಥ ಬೊಂಬೆಗಳನ್ನು ಓಕ್ ಮರದ ಮುಚ್ಚಿದ ಕಪಾಟಿನಲ್ಲಿ ಇಡಲೇಬೇಡಿ. ಆ ಮರ ಹೊರಬಿಡುವ ಆಮ್ಲದ ಆವಿಯಿಂದ ಸೀಸ ಬಿಳಿ ಪುಡಿಯಾಗುತ್ತ ಹೋಗುತ್ತದೆ, ಬಣ್ಣದ ಕೆಳಗೆ ನಡೆಯುವ ಈ ಸವಕಳಿ ಹೊರಗೆ ಕಾಣುವ ಹೊತ್ತಿಗೆ ಬೊಂಬೆಯ ಕಾಲೇ ಹೋಗಿರುತ್ತದೆ. ಇನ್ನು ಬಾವುಟ ತೆಗೆದಿಡುವ ಯೋಚನೆ ಒಳ್ಳೆಯದೇ, ಆದರೆ ಕಾಗದದ ಬಾವುಟವನ್ನು ಕೋಲಿನಿಂದ ಮತ್ತೆ ಮತ್ತೆ ಬಿಡಿಸಿದರೆ ಹರಿಯುತ್ತದೆ. ಬಾವುಟಧಾರಿಗಳಿಬ್ಬರನ್ನೂ ಬೇರೆ ಬೇರೆ ಸಣ್ಣ ಬೇಸ್‌ಗಳಲ್ಲಿ ನಿಲ್ಲಿಸಿ, ಜೂನ್ 18ರ ಆಟಕ್ಕೆ ರಾಜಧ್ವಜ ಹಿಡಿದವನನ್ನು ಎತ್ತಿ ಅವನ ಜಾಗದಲ್ಲಿ ಒಬ್ಬ ಸಾಮಾನ್ಯ ಸೈನಿಕನನ್ನು ಇಡಿ.